ಅಸ್ತು ದೇವತೆಗಳಿಗೆ ಕೋಟು ತೊಡಿಸಿದವರು

ಮಕ್ಕಳ ಬಾಯಲ್ಲಿ ಕೆಟ್ಟ ಮಾತು ಬಂದ ಕೂಡಲೇ ‘ಬಿಡ್ತು ಅನ್ನು’ ಎಂದು ಗದರುವ ಅಜ್ಜಿ ಹಿಂದೆ ಮನೆಗೊಬ್ಬರು ಇರುತ್ತಿದ್ದರು. ಅಸ್ತು ದೇವತೆಗಳು ಮೇಲೆ ಓಡಾಡುತ್ತಿರುತ್ತಾರೆ, ನಾವು ಏನೆಂದರೂ ‘ಅಸ್ತು’ ಎಂದುಬಿಡುತ್ತಾರೆ ಎಂಬುದು ಅವರ ಭಯ. ನಮ್ಮದು ಕ್ರೈಸ್ತರ ಮನೆ. ಅಸ್ತು ದೇವತೆಗಳ ಹೆಸರೆತ್ತುವಂತಿರಲಿಲ್ಲ. ಆದರೂ ‘ಬಿಡ್ತು ಅನ್ನು’ ಮಾತ್ರ ಹೊಸ್ತಿಲು ದಾಟಿ ಒಳಗೆ ಬಂದು, ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತಿತ್ತು. ಅದರ ಮೇಲೆ ನನಗೆ ತಕರಾರಿಲ್ಲ. ಮಕ್ಕಳ ನಾಲಿಗೆಗೆ ಹಾಕಿದ ಮೂಗುದಾರ ಅದು. ತಕರಾರಿರುವುದು ಅದೇ ದೇವತೆಗಳಿಗೆ ಕೋಟು, ಟೈ ತೊಡಿಸಿ, ಕೈಗೆ ಮೈಕು ಕೊಟ್ಟು, ಬೈಬಲಿನ ಹೆಸರಿನಲ್ಲಿ ವೇದಿಕೆ ಹತ್ತಿಸಿದವರ ಮೇಲೆ.

ಆ ವೇದಿಕೆಯ ಬೋಧನೆಯನ್ನು ಎರಡು ಸಾಲಿನಲ್ಲಿ ಹೇಳಬಹುದು. ವಿಶ್ವಾಸಿಯ ನಾಲಿಗೆಗೆ ಸೃಷ್ಟಿಸುವ ಶಕ್ತಿಯಿದೆ, ಆದ್ದರಿಂದ ಬೇಕಾದದ್ದನ್ನು ಬಂದಾಗಿದೆ ಎಂದೇ ಘೋಷಿಸಬೇಕು. ಕಾಯಿಲೆಯ, ಸಾಲದ, ಸೋಲಿನ ಹೆಸರನ್ನು ಬಾಯಲ್ಲಿ ತಂದರೆ ಅವೂ ನಿಜವಾಗಿಬಿಡುತ್ತವೆ, ಆದ್ದರಿಂದ ತರಬಾರದು. ಇದಕ್ಕೆ ಸದಾ ಎತ್ತಿ ತೋರಿಸುವುದು ಜ್ಞಾನೋಕ್ತಿಗಳ 18ನೇ ಅಧ್ಯಾಯದ 21ನೇ ವಚನವನ್ನು. ಸಾವು ಬದುಕುಗಳೆರಡೂ ನಾಲಿಗೆಯ ಅಧೀನ ಎಂಬ ಅರ್ಥದ ಮಾತು ಅಲ್ಲಿದೆ. ಕ್ಯಾಲೆಂಡರಿನ ಮೇಲೆ, ಮೊಬೈಲ್ ಸ್ಟೇಟಸ್ಸಿನಲ್ಲಿ, ಪ್ರಾರ್ಥನಾ ಕೂಟದ ಬ್ಯಾನರಿನಲ್ಲಿ ಈ ಒಂದೇ ವಚನ ಒಂಟಿಯಾಗಿ ನಿಂತಿರುತ್ತದೆ. ಹಿಂದೆ ಮುಂದೆ ಯಾರೂ ಇಲ್ಲದ ಅನಾಥನ ಹಾಗೆ.

ನಾಲಿಗೆಗೆ ಶಕ್ತಿಯಿಲ್ಲ ಎಂದು ನಾನು ವಾದಿಸುತ್ತಿಲ್ಲ. ಇದೆ, ಭಯವಾಗುವಷ್ಟು ಇದೆ. ಆದರೆ ಬೈಬಲಿನ ಜ್ಞಾನಿಗಳ ಪ್ರಕಾರ ಆ ಶಕ್ತಿ ಹೋಗಿ ತಗಲುವುದು ಎದುರಿಗಿರುವವನಿಗೆ. ನನ್ನ ಮಾತಿನಿಂದ ನನ್ನ ಖಾತೆಗೆ ಏನು ಜಮೆಯಾಯಿತು ಎಂದು ಅವರು ಕೇಳಲಿಲ್ಲ. ನನ್ನ ಮಾತಿನಿಂದ ಯಾರ ಮನೆ ಉರಿಯಿತು, ಯಾರ ಮನೆ ಉಳಿಯಿತು ಎಂದು ಕೇಳಿದರು. ಈ ಪ್ರಶ್ನೆಯನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಮಂತ್ರವಾದ, ಬರೀ ಮಂತ್ರವಾದ.

ಅನಾಥ ವಚನವನ್ನು ಅದರ ಮನೆಗೆ ಕರೆದುಕೊಂಡು ಹೋಗೋಣ. ಅದೇ ಹದಿನೆಂಟನೇ ಅಧ್ಯಾಯದಲ್ಲಿ ಏನೇನಿದೆ? ನ್ಯಾಯತೀರ್ಪಿನಲ್ಲಿ ದುಷ್ಟನ ಪಕ್ಷ ಹಿಡಿದು ನಿರಪರಾಧಿಯನ್ನು ಕೆಡವುವುದು ಸಲ್ಲದು ಎಂಬ ಎಚ್ಚರಿಕೆ. ಚಾಡಿಮಾತು ರುಚಿಯಾದ ತುತ್ತಿನಂತೆ ಹೊಟ್ಟೆಗಿಳಿಯುತ್ತದೆ ಎಂಬ ಗಮನಿಕೆ. ಪೂರ್ತಿ ಕೇಳಿಸಿಕೊಳ್ಳುವ ಮುಂಚೆ ಉತ್ತರ ಕೊಡುವವನ ಮೂರ್ಖತನ. ವ್ಯಾಜ್ಯದಲ್ಲಿ ಮೊದಲು ಮಾತಾಡಿದವನೇ ಸರಿ ಎಂದು ಕಾಣುತ್ತದೆ, ಎದುರು ಪಕ್ಷದವನು ಎದ್ದು ಪ್ರಶ್ನೆ ಹಾಕುವ ತನಕ. ಚೀಟಿ ಹಾಕಿ ಜಗಳ ತೀರಿಸುವ ಪದ್ಧತಿ. ಮುನಿದ ಅಣ್ಣತಮ್ಮಂದಿರನ್ನು ಗೆಲ್ಲುವುದು ಕೋಟೆ ಗೆಲ್ಲುವುದಕ್ಕಿಂತ ಕಷ್ಟ ಎಂಬ ಅನುಭವ. ಇವೆಲ್ಲ ಆದ ಮೇಲೆ ಸಾವು ಬದುಕಿನ ಆ ಮಾತು ಬರುತ್ತದೆ. ಸುತ್ತ ಇರುವುದು ಪಂಚಾಯಿತಿ ಕಟ್ಟೆ, ಜಮಖಾನ ಹಾಸಿದ ಪ್ರಾರ್ಥನಾ ಮಂದಿರವಲ್ಲ.

ಹಳೆಯ ಇಸ್ರೇಲಿನಲ್ಲಿ ನ್ಯಾಯ ನಡೆಯುತ್ತಿದ್ದದ್ದು ಊರಬಾಗಿಲಿನಲ್ಲಿ. ಹಿರಿಯರು ಕೂರುತ್ತಿದ್ದರು, ದೂರುಗಾರ ನಿಲ್ಲುತ್ತಿದ್ದ. ಪೊಲೀಸರಿಲ್ಲ, ಬೆರಳಚ್ಚಿಲ್ಲ, ಕ್ಯಾಮೆರಾ ಇಲ್ಲ. ಮುಖ್ಯ ಪುರಾವೆಯೆಂದರೆ ಸಾಕ್ಷಿಯ ಬಾಯಿ. ಅದಕ್ಕೇ ಧರ್ಮೋಪದೇಶಕಾಂಡದ ಕಾನೂನು ಒಬ್ಬನ ಮಾತಿನ ಮೇಲೆ ಯಾರನ್ನೂ ಕೊಲ್ಲಬಾರದು, ಇಬ್ಬರು ಮೂವರ ಸಾಕ್ಷ್ಯ ಬೇಕು ಎನ್ನುತ್ತದೆ. ಸುಳ್ಳು ಸಾಕ್ಷಿ ಹೇಳಿದವನಿಗೆ, ಅವನು ಇನ್ನೊಬ್ಬನಿಗೆ ತರಲು ಹೊರಟಿದ್ದ ಶಿಕ್ಷೆಯನ್ನೇ ಕೊಡಬೇಕು ಎನ್ನುತ್ತದೆ. ಅದೇ ಕಾನೂನಿನ 17ನೇ ಅಧ್ಯಾಯದಲ್ಲಿ ಇನ್ನೂ ಒಂದು ಕಟ್ಟಳೆಯಿದೆ, ನನ್ನ ಮಟ್ಟಿಗೆ ಇಡೀ ಚರ್ಚೆಯ ಕೀಲಿ ಅದೇ: ಮರಣದಂಡನೆಯಾದರೆ ಮೊದಲ ಕಲ್ಲು ಎತ್ತಬೇಕಾದವರು ಸಾಕ್ಷಿಗಳು. ಜ್ಞಾನೋಕ್ತಿಯ ಮೂಲ ಹೀಬ್ರೂವಿನಲ್ಲಿ ಸಾವು ಬದುಕು ಇರುವುದು ನಾಲಿಗೆಯ ‘ಯಾದ್’ನಲ್ಲಿ, ಎಂದರೆ ಕೈಯಲ್ಲಿ. ನಾಲಿಗೆಗೆ ಎಲ್ಲಿಯ ಕೈ? ಊರಬಾಗಿಲಲ್ಲಿ ನಿಂತು ನೋಡಿದವರಿಗೆ ಈ ರೂಪಕ ವಿಚಿತ್ರವಾಗಿ ಕಂಡಿರಲಾರದು. ನಾಲಿಗೆ ಆಡಿದ್ದನ್ನು ಕೈ ಪೂರೈಸುವುದನ್ನು ಅವರು ಕಣ್ಣಾರೆ ಕಾಣಬಹುದಿತ್ತು.

ಕನ್ನಡದಲ್ಲೂ ನಾವು ‘ನನ್ನ ಪ್ರಾಣ ನಿಮ್ಮ ಕೈಯಲ್ಲಿದೆ ಡಾಕ್ಟ್ರೇ’ ಎನ್ನುತ್ತೇವೆ. ಡಾಕ್ಟರ ಅಂಗೈಯಿಂದ ಪ್ರಾಣದ ಕಿರಣ ಹೊರಡುತ್ತದೆ ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಅವರು ಸರಿಯಾಗಿ ಕೆಲಸ ಮಾಡಿದರೆ ಉಳಿಯುತ್ತೇನೆ, ಬೇಜವಾಬ್ದಾರಿ ಮಾಡಿದರೆ ಸಾಯುತ್ತೇನೆ, ಅಷ್ಟೇ.

ನಾಬೋತನ ಕತೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಇಜ್ರೇಲಿನಲ್ಲಿ ಅರಮನೆಯ ಪಕ್ಕ ಅವನದೊಂದು ದ್ರಾಕ್ಷಿತೋಟ. ರಾಜ ಅಹಾಬನಿಗೆ ಅದನ್ನು ಕಾಯಿಪಲ್ಯದ ತೋಟ ಮಾಡಿಕೊಳ್ಳುವ ಆಸೆ. ಪಿತ್ರಾರ್ಜಿತ, ಕೊಡುವುದಿಲ್ಲ ಎಂದ ನಾಬೋತ. ರಾಜ ಮುಖ ತಿರುವಿಕೊಂಡು, ಊಟ ಬಿಟ್ಟು ಮಲಗಿದ. ರಾಣಿ ಈಜೆಬೆಲ ಕತ್ತಿ ಹಿರಿಯಲಿಲ್ಲ, ಸೈನ್ಯ ಕಳಿಸಲಿಲ್ಲ. ರಾಜಮುದ್ರೆ ಒತ್ತಿ ಊರ ಹಿರಿಯರಿಗೆ ಪತ್ರ ಬರೆದಳು. ಉಪವಾಸ ಸಾರಿಸಿದಳು (ಧಾರ್ಮಿಕ ಕಾರ್ಯಕ್ರಮದ ಮರೆ ಆಗಲೂ ಬೇಕಿತ್ತು). ನಾಬೋತನ ಎದುರಿಗೆ ಇಬ್ಬರು ಪುಂಡರನ್ನು ಕೂರಿಸಿ, ಇವನು ದೇವರನ್ನೂ ರಾಜನನ್ನೂ ಶಪಿಸಿದ ಎಂದು ಹೇಳಿಸಿದಳು. ಇಬ್ಬರೇ ಯಾಕೆ? ಕಾನೂನು ಇಬ್ಬರನ್ನು ಕೇಳುತ್ತದೆ, ಅದಕ್ಕೆ. ನಾಬೋತನನ್ನು ಊರ ಹೊರಗೆ ಕಲ್ಲೆಸೆದು ಕೊಂದರು, ತೋಟ ರಾಜನದಾಯಿತು. ನಾಲಿಗೆಯ ಕೈಯಲ್ಲಿ ಸಾವು ಎಂದರೆ ಇದು.

ಎದುರು ಪಕ್ಷಕ್ಕೂ ವಾದಗಳಿವೆ, ಅವನ್ನು ಕೇಳದೆ ಉತ್ತರ ಕೊಟ್ಟರೆ ಮೇಲೆ ಹೇಳಿದ ಮೂರ್ಖನ ಪಟ್ಟಿಗೆ ನಾನೇ ಸೇರುತ್ತೇನೆ. ಅವರಿಗೆ ಒಂದು ಕಾಲದಲ್ಲಿ ಪಂಡಿತರ ಬೆಂಬಲವೂ ಇತ್ತು. ಗೆರ್ಹಾರ್ಡ್ ಫಾನ್ ರಾಡ್ ಅವರಂಥ ದೊಡ್ಡ ಜರ್ಮನ್ ವಿದ್ವಾಂಸರೇ ಪ್ರಾಚೀನ ಹೀಬ್ರೂ ಜನರಿಗೆ ಮಾತು ಬರೀ ಸದ್ದಲ್ಲ, ಶಕ್ತಿ ತುಂಬಿದ ವಸ್ತು ಎಂಬ ಧಾಟಿಯಲ್ಲಿ ಬರೆದರು. ಹೀಬ್ರೂವಿನ ‘ದಾವಾರ್’ ಎಂಬ ಪದಕ್ಕೆ ‘ಮಾತು’ ಎಂದೂ ಅರ್ಥ, ‘ವಸ್ತು, ಸಂಗತಿ’ ಎಂದೂ ಅರ್ಥ. ಆದ್ದರಿಂದ ಆ ಜನರಿಗೆ ಮಾತೇ ವಸ್ತು ಎಂಬ ತರ್ಕ ಬಹಳ ಕಾಲ ಓಡಿತು. 1961ರಲ್ಲಿ ಜೇಮ್ಸ್ ಬಾರ್ ಪದದ ಬೇರು ಹಿಡಿದು ತತ್ವಶಾಸ್ತ್ರ ಕಟ್ಟುವ ಈ ಚಾಳಿಯ ಬುಡಕ್ಕೇ ಕೊಡಲಿ ಹಾಕಿದರು. 1974ರಲ್ಲಿ ಆಂಥೊನಿ ಥಿಸೆಲ್ಟನ್ ಒಂದು ಪ್ರಬಂಧ ಬರೆದು ಉಳಿದದ್ದನ್ನು ಮುಗಿಸಿದರು. ಒಂದು ಪದಕ್ಕೆ ಎರಡು ಅರ್ಥ ಇರುವುದು ಎಷ್ಟೋ ಭಾಷೆಗಳಲ್ಲಿದೆ, ಅದರಿಂದ ಜನರ ಲೋಕದೃಷ್ಟಿಯನ್ನು ಹಿಂಡಿ ತೆಗೆಯಲಾಗದು ಎಂಬುದು ಅವರ ಒಂದು ವಾದ.

ಕನ್ನಡಿಗರಿಗೆ ಇದನ್ನು ಹೇಳಿಕೊಡಲು ಬ್ರಿಟನ್ನಿನ ಪಂಡಿತರು ಬೇಕಿಲ್ಲ. ‘ಅದೇನು ದೊಡ್ಡ ಮಾತಲ್ಲ ಬಿಡು’ ಎನ್ನುವಾಗ ನಮಗೂ ‘ಮಾತು’ ಎಂದರೆ ಸಂಗತಿಯೇ. ‘ಅರ್ಥ’ ಎಂಬ ಪದಕ್ಕಂತೂ ಪದದ ತಾತ್ಪರ್ಯ ಎಂದೂ ಆಗುತ್ತದೆ, ದುಡ್ಡು ಎಂದೂ ಆಗುತ್ತದೆ. ಹಾಗೆಂದು ಪದಗಳ ಅರ್ಥ ತಿಳಿದುಕೊಂಡೇ ಕನ್ನಡಿಗರು ಶ್ರೀಮಂತರಾಗುತ್ತಾರೆ ಎಂದು ಯಾವನಾದರೂ ಪರದೇಶಿ ಪಂಡಿತ ಬರೆದರೆ, ನಮ್ಮ ನಿಘಂಟುಕಾರರಷ್ಟು ನಗುವವರು ಇನ್ನೊಬ್ಬರಿರುವುದಿಲ್ಲ.

ಇಸಾಕನ ಆಶೀರ್ವಾದದ ಪ್ರಸಂಗವನ್ನೂ ಮುಂದಿಡುತ್ತಾರೆ. ಕಣ್ಣು ಮಂಜಾದ ಮುದುಕ, ಏಸಾವ ಎಂದುಕೊಂಡು ಯಾಕೋಬನನ್ನು ಆಶೀರ್ವದಿಸಿದ. ಮೋಸ ತಿಳಿದ ಮೇಲೂ ಹಿಂತೆಗೆದುಕೊಳ್ಳಲಿಲ್ಲ. ಆಡಿದ ಮಾತು ಬಾಣದಂತೆ ಹೋಗಿಯಾಗಿತ್ತು ಎನ್ನುತ್ತಾರೆ. ಥಿಸೆಲ್ಟನ್ ಉತ್ತರ ಸರಳ: ಆಶೀರ್ವಾದಕ್ಕೆ ಒಂದು ಸಾಮಾಜಿಕ ವಿಧಿಯಿತ್ತು, ಅದನ್ನು ರದ್ದು ಮಾಡುವ ವಿಧಿ ಇರಲಿಲ್ಲ. ತಾಳಿ ಕಟ್ಟಿದ ಮೇಲೆ ‘ಹುಡುಗಿ ಇವಳು ಅಂದುಕೊಂಡಿರಲಿಲ್ಲ, ಬಿಡ್ತು’ ಎಂದರೆ ಬಿಡುವುದಿಲ್ಲ. ತಾಳಿಯ ದಾರದಲ್ಲಿ ವಿದ್ಯುತ್ ಹರಿಯುತ್ತಿದೆ ಎಂದೇನೂ ಅಲ್ಲ, ಊರು ಅದನ್ನು ಒಪ್ಪಿದೆ. ಇನ್ನು, ದೇವರು ಬೆಳಕಾಗಲಿ ಎಂದಾಗ ಬೆಳಕಾಯಿತಲ್ಲ ಎಂದರೆ, ಹೌದು. ಅಂದವನು ದೇವರು. ರಾಜನ ಆಜ್ಞೆಯನ್ನು ರಾಜನ ಗಿಣಿ ಪುನರಾವರ್ತಿಸಿದರೆ ಸೈನ್ಯ ಹೊರಡುವುದಿಲ್ಲ. ಬೆಟ್ಟಕ್ಕೆ ಹೇಳಿದರೆ ಬೆಟ್ಟ ಸರಿಯುತ್ತದೆ ಎಂಬ ಮಾರ್ಕನ ಸುವಾರ್ತೆಯ ಮಾತನ್ನು ಹಿಡಿಯುವವರು ಎರಡು ವಚನ ಕೆಳಗಿಳಿಯಬೇಕು. ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಮೊದಲು ಕ್ಷಮಿಸು ಎಂದಿದೆ ಅಲ್ಲಿ. ಆ ವಚನದ ಬ್ಯಾನರನ್ನು ನಾನು ಈವರೆಗೆ ಕಂಡಿಲ್ಲ.

ಜ್ಞಾನೋಕ್ತಿಗಳ ಪುಸ್ತಕವೇ ಮಂತ್ರಶಕ್ತಿಯನ್ನು ತಳ್ಳಿಹಾಕುವ ಜಾಗವೊಂದಿದೆ. 26ನೇ ಅಧ್ಯಾಯದ ಎರಡನೇ ವಚನ. ಕಾರಣವಿಲ್ಲದ ಶಾಪ, ಸುಮ್ಮನೆ ಹಾರಾಡುವ ಗುಬ್ಬಚ್ಚಿಯ ಹಾಗೆ, ಎಲ್ಲಿಯೂ ಇಳಿಯುವುದಿಲ್ಲ ಎಂಬುದು ಅದರ ಸಾರ. ಮಾತಿಗೆ ತನ್ನಷ್ಟಕ್ಕೆ ಶಕ್ತಿಯಿದ್ದರೆ ಕಾರಣವಿದ್ದರೇನು, ಇಲ್ಲದಿದ್ದರೇನು? ಹಕ್ಕಿ ಇಳಿಯಲೇಬೇಕಿತ್ತು. ಆ ಕಾಲದ ಸುತ್ತಮುತ್ತಲ ನಾಡುಗಳಲ್ಲಿ ಮಂತ್ರ ಮಾಟಗಳಿಗೆ ಬರವಿರಲಿಲ್ಲ ಎಂಬುದನ್ನು ನೆನೆದರೆ ಈ ಮಾತಿನ ಧೈರ್ಯ ತಿಳಿಯುತ್ತದೆ. ಈಜಿಪ್ಟಿನವರು ಶತ್ರುಗಳ, ಶತ್ರು ಊರುಗಳ ಹೆಸರನ್ನು ಮಡಕೆಯ ಮೇಲೆ ಬರೆದು ಒಡೆಯುತ್ತಿದ್ದರು. ಸುಮಾರು 3,800 ವರ್ಷ ಹಳೆಯ ಅಂಥ ಮಡಕೆ ಚೂರುಗಳಲ್ಲಿ ಜೆರುಸಲೇಮಿನ ಹೆಸರೂ ಇದೆ. ಮಡಕೆ ಒಡೆಯಿತು, ಜೆರುಸಲೇಮ್ ಇನ್ನೂ ಇದೆ. ಅದೇ ಈಜಿಪ್ಟಿನಿಂದ ಇಸ್ರೇಲಿನ ಜ್ಞಾನಿಗಳು ಸಾಲ ತಂದದ್ದೂ ಉಂಟು. ಜ್ಞಾನೋಕ್ತಿಗಳ 22ನೇ ಅಧ್ಯಾಯದ ನಡುವಿನಿಂದ ಶುರುವಾಗುವ ಭಾಗಕ್ಕೂ ಅಮೆನೆಮೋಪೆ ಎಂಬ ಈಜಿಪ್ಟಿನ ಅಧಿಕಾರಿಯ ಹೆಸರಿನ ಬೋಧನೆಗೂ ಇರುವ ಹತ್ತಿರದ ನಂಟನ್ನು 1924ರಲ್ಲಿ ಅಡಾಲ್ಫ್ ಎರ್ಮಾನ್ ತೋರಿಸಿದರು. ಆ ಸಾಲದಲ್ಲಿ ಬಂದ ಸರಕು ನೋಡಿ: ಗಡಿಕಲ್ಲು ಸರಿಸಬೇಡ, ಬಡವನನ್ನು ಸುಲಿಯಬೇಡ, ಸಿಡುಕನ ಸಹವಾಸ ಬೇಡ. ಮಡಕೆ ಒಡೆಯುವ ವಿದ್ಯೆಯನ್ನು ಅವರು ಅಲ್ಲಿಯೇ ಬಿಟ್ಟು ಬಂದರು.

ಹಾಗಾದರೆ ವೇದಿಕೆಯ ಬೋಧನೆ ಎಲ್ಲಿಂದ ಬಂತು? ಅದರ ವಂಶಾವಳಿ ತೀರಾ ಈಚಿನದು, ಅಮೆರಿಕದ್ದು. ಎಸ್ಸೆಕ್ ವಿಲಿಯಂ ಕೆನ್ಯನ್ (1867–1948) ಎಂಬ ಬೋಧಕ ಬಾಯಿಂದ ಅರಿಕೆ ಮಾಡುವುದಕ್ಕೇ ವಿಶೇಷ ಬಲವಿದೆ ಎಂದು ಬರೆದ. ಈತ 1890ರ ದಶಕದಲ್ಲಿ ಬೋಸ್ಟನ್ನಿನ ಒಂದು ಭಾಷಣಕಲೆಯ ಕಾಲೇಜಿನಲ್ಲಿ ಓದಿದ್ದ. ಮನಸ್ಸಿನ ಶಕ್ತಿಯಿಂದ ರೋಗ ವಾಸಿ, ಸಂಪತ್ತು ಪ್ರಾಪ್ತಿ ಎನ್ನುವ ‘ನ್ಯೂ ಥಾಟ್’ ಪಂಥದ ಗಾಳಿ ಆಗ ಅಲ್ಲಿ ಜೋರಾಗಿ ಬೀಸುತ್ತಿತ್ತು. ಕೆನ್ಯನ್‌ನಿಂದ ಈ ಮಾತುಗಳು ಕೆನೆತ್ ಹೇಗಿನ್‌ಗೆ ಬಂದವು; ಆತ 1974ರಲ್ಲಿ ಓಕ್ಲಹಾಮಾದಲ್ಲಿ ಕಟ್ಟಿದ ತರಬೇತಿ ಶಾಲೆಯಿಂದ ಜಗತ್ತಿಗೆ ಹರಡಿದವು. ಅರ್ಕಾನ್ಸಾಸ್‌ನ ರೈತ ಬೋಧಕ ಚಾರ್ಲ್ಸ್ ಕ್ಯಾಪ್ಸ್ 1976ರಲ್ಲಿ ತಂದ ಪುಸ್ತಕದ ಹೆಸರೇ ನಾಲಿಗೆ ಒಂದು ಸೃಷ್ಟಿಶಕ್ತಿ ಎನ್ನುತ್ತದೆ. ಹೇಗಿನ್ ಬರಹಗಳನ್ನೂ ಕೆನ್ಯನ್ ಬರಹಗಳನ್ನೂ ಪಕ್ಕಪಕ್ಕದಲ್ಲಿಟ್ಟು ಡಿ. ಆರ್. ಮೆಕಾನೆಲ್ 1988ರಲ್ಲಿ ತೋರಿಸಿದಾಗ ಗದ್ದಲವಾಯಿತು. ಕೆನ್ಯನ್ ಎಷ್ಟರಮಟ್ಟಿಗೆ ‘ನ್ಯೂ ಥಾಟ್’ಗೆ ಋಣಿ ಎಂಬ ಬಗ್ಗೆ ವಾದ ಇನ್ನೂ ಇದೆ. ಜ್ಞಾನೋಕ್ತಿಗಳ ಸೊಲೊಮೋನನಿಗೆ ಋಣಿಯಲ್ಲ ಎಂಬುದಂತೂ ಖಂಡಿತ.

ಕರ್ನಾಟಕದ ನೆಲದಲ್ಲಿ ಇದು ಬೇರು ಬಿಟ್ಟಿತಲ್ಲ, ಅದರಲ್ಲಿ ಆಶ್ಚರ್ಯವಿಲ್ಲ. ‘ಬಿಡ್ತು ಅನ್ನು’ ಎಂಬುದು ಗುಂಡಿ ತೋಡಿ ಗೊಬ್ಬರ ಹಾಕಿ ಇಟ್ಟಿತ್ತು.

ನನ್ನ ದೊಡ್ಡಮ್ಮನ ಕಾಲಿಗೆ ಒಂದು ಗಾಯವಾಯಿತು. ಶುಗರ್ ಇದ್ದ ಹೆಂಗಸು. ಅವರು ಹೋಗುತ್ತಿದ್ದ ಕೂಟದಲ್ಲಿ ‘ಶುಗರ್ ಅಂತ ಬಾಯಲ್ಲಿ ಅನ್ನಬೇಡಿ ಅಮ್ಮ, ಅಂದರೆ ಒಪ್ಪಿಕೊಂಡ ಹಾಗೆ’ ಎಂದು ಹೇಳಿಕೊಟ್ಟಿದ್ದರು. ಅವರು ಅನ್ನಲಿಲ್ಲ. ‘ಕಾಲು ಹೇಗಿದೆ ದೊಡ್ಡಮ್ಮ?’ ಎಂದರೆ ‘ದೇವರ ದಯೆ, ಏನೂ ಇಲ್ಲಪ್ಪ’ ಎನ್ನುವರು. ಸೀರೆಯ ಅಂಚನ್ನು ಹೆಬ್ಬೆರಳಿನವರೆಗೆ ಎಳೆದುಕೊಳ್ಳುವರು. ಸುಳ್ಳು ಎಂದರೆ ಬೆಚ್ಚಿಬೀಳುತ್ತಿದ್ದ ಹೆಂಗಸಿಗೆ ದಿನಕ್ಕೆ ಹತ್ತು ಸಲ ಸುಳ್ಳು ಹೇಳುವುದನ್ನು ಕಲಿಸಿ, ಅದಕ್ಕೆ ವಿಶ್ವಾಸ ಎಂದು ಹೆಸರಿಟ್ಟಿದ್ದರು. ಈ ಬೋಧನೆಯ ಮೇಲೆ ನನ್ನ ಸಿಟ್ಟು ಮುಖ್ಯವಾಗಿ ಇದಕ್ಕೇ. ಆಡುವ ಮಾತು ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಅದಕ್ಕೆ ಬೇಕಿಲ್ಲ. ಜ್ಞಾನೋಕ್ತಿಗಳ ಆರನೇ ಅಧ್ಯಾಯ ದೇವರಿಗೆ ಹೇಸಿಗೆಯಾದ ಏಳನ್ನು ಎಣಿಸುವಾಗ ಅದರಲ್ಲಿ ಮೂರು ನಾಲಿಗೆಯವು: ಸುಳ್ಳಾಡುವುದು, ಸುಳ್ಳು ಸಾಕ್ಷಿ ಹೇಳುವುದು, ಒಡಹುಟ್ಟಿದವರ ನಡುವೆ ಜಗಳ ಬಿತ್ತುವುದು. ‘ನಕಾರಾತ್ಮಕ ಮಾತು’ ಎಂಬ ಎಂಟನೆಯದು ಅಲ್ಲಿಲ್ಲ.

ನಕಾರಾತ್ಮಕ ಮಾತಿನ ಚಕ್ರವರ್ತಿ ಎಂದರೆ ಯೋಬ. ಮಕ್ಕಳು ಸತ್ತರು, ದನಕರು ಹೋದವು, ಮೈತುಂಬ ಹುಣ್ಣು. ಗೆಳೆಯರು ಮೂವರು ಬಂದು ಏಳು ದಿನ ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಯೋಬ ಬಾಯಿ ತೆರೆದು ತಾನು ಹುಟ್ಟಿದ ದಿನವನ್ನೇ ಶಪಿಸಿದ. ಮುಂದೆ ದೇವರನ್ನೇ ವ್ಯಾಜ್ಯಕ್ಕೆ ಕರೆದ. ಗೆಳೆಯರೋ, ಒಬ್ಬೊಬ್ಬರೂ ಶುದ್ಧ ಭಕ್ತಿಯ ಮಾತಾಡಿದರು. ದೇವರು ನ್ಯಾಯವಂತ, ಒಳ್ಳೆಯವರಿಗೆ ಒಳ್ಳೆಯದೇ ಆಗುತ್ತದೆ, ನೀನೇ ಏನೋ ಮಾಡಿದ್ದೀಯ, ಒಪ್ಪಿಕೋ, ಎಲ್ಲ ಸರಿಹೋಗುತ್ತದೆ. ಇಂದಿನ ವೇದಿಕೆಯ ಮೇಲೆ ಆ ಮೂವರಿಗೂ ಮುಂದಿನ ಸಾಲಿನ ಕುರ್ಚಿ ಸಿಗುತ್ತಿತ್ತು.

ಯೋಬ ಹೆದರಿದ್ದೇ ಅವನಿಗೆ ಬಂತು ಎಂದು ಅವನೇ ಹೇಳಿಕೊಂಡಿದ್ದಾನೆ, ನೋಡಿ ಭಯದ ಮಾತಿನ ಫಲ ಎಂದು ಈ ಪಂಥದ ಬೋಧಕರು ಅವನ ಪುಸ್ತಕದ ಮೂರನೇ ಅಧ್ಯಾಯವನ್ನು ತೋರಿಸುತ್ತಾರೆ. ಆದರೆ ಅವನು ಆ ಮಾತು ಆಡಿದ್ದು ಎಲ್ಲವೂ ಕಳೆದುಹೋದ ಮೇಲೆ. ಕಾರಣ ಏನೆಂದು ಒಂದನೇ ಅಧ್ಯಾಯ ಓದುಗರಿಗೆ ಮೊದಲೇ ಹೇಳಿಬಿಟ್ಟಿದೆ. ಅವನ ನಾಲಿಗೆಗೂ ಅದಕ್ಕೂ ಸಂಬಂಧವಿಲ್ಲ. ಕೊನೆಯ ಅಧ್ಯಾಯದಲ್ಲಿ ದೇವರು ಎಲೀಫಜನ ಕಡೆಗೆ ತಿರುಗಿ, ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಸಿಟ್ಟು ಬಂದಿದೆ, ನೀವು ನನ್ನ ವಿಷಯದಲ್ಲಿ ಯೋಬನ ಹಾಗೆ ಸರಿಯಾಗಿ ಮಾತಾಡಲಿಲ್ಲ ಎಂಬ ತೀರ್ಪು ಕೊಡುತ್ತಾನೆ. ಏಳು ಹೋರಿ, ಏಳು ಟಗರು ತಂದು ಹೋಮಮಾಡಬೇಕು, ಯೋಬ ಅವರಿಗಾಗಿ ಪ್ರಾರ್ಥಿಸಬೇಕು. ಸಿಹಿಮಾತಾಡಿದವರಿಗೆ ದಂಡ, ಗೋಳಾಡಿದವನಿಗೆ ಪುರೋಹಿತನ ಪೀಠ. ನುಡಿಯ ನೀತಿಯ ಬಗ್ಗೆ ಇದಕ್ಕಿಂತ ಕಟುವಾದ ತೀರ್ಪು ಆ ಇಡೀ ಗ್ರಂಥರಾಶಿಯಲ್ಲಿ ನನಗೆ ಕಂಡಿಲ್ಲ. ನೋವಿನಲ್ಲಿರುವವನ ಎದುರು ಸಿದ್ಧಾಂತ ಒಪ್ಪಿಸುವುದು, ಸಿದ್ಧಾಂತ ಸರಿಯಿದ್ದರೂ, ಸುಳ್ಳು ಸಾಕ್ಷಿಯೇ.

ದುಡ್ಡಿನ ಘೋಷಣೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದುಡಿಮೆಯಿಂದ ಲಾಭವುಂಟು, ಬರೀ ಬಾಯಿಮಾತಿನಿಂದ ಬಡತನವೇ ಎಂಬ ಭಾವದ ವಚನ ಜ್ಞಾನೋಕ್ತಿಗಳ 14ನೇ ಅಧ್ಯಾಯದಲ್ಲಿದೆ. ಬಟ್ಟೆಯಿಲ್ಲದೆ ಹಸಿದು ನಿಂತವನಿಗೆ ಬೆಚ್ಚಗಿರು, ಹೊಟ್ಟೆತುಂಬ ಉಣ್ಣು ಎಂದು ಬಾಯಲ್ಲಿ ಹರಸಿ ಕಳಿಸಿದರೆ ಏನು ಬಂತು ಎಂದು ಯಾಕೋಬನ ಪತ್ರ ಕೇಳುತ್ತದೆ. ನಾಲಿಗೆಯನ್ನು ಕಾಡಿಗೆ ಹತ್ತಿಕೊಳ್ಳುವ ಕಿಡಿಗೆ ಹೋಲಿಸುವುದೂ ಅದೇ ಪತ್ರ. ಕಿಡಿಯ ಮಾತಿರುವ ಅಧ್ಯಾಯ ಶುರುವಾಗುವುದೇ ಬೋಧಕರಿಗೆ ಉಳಿದವರಿಗಿಂತ ಕಠಿಣ ವಿಚಾರಣೆ ಕಾದಿದೆ ಎಂಬ ಎಚ್ಚರಿಕೆಯಿಂದ. ಕಿಡಿಯ ಮಾತನ್ನು ಭಕ್ತರಿಗೆ ಬಿಟ್ಟು, ಮೊದಲ ಸಾಲನ್ನು ನುಂಗಿಕೊಳ್ಳುವ ಬೋಧಕರು ಬಹಳ.

ಹಾಗಾದರೆ ನಯವಾಗಿ, ಕಡಿಮೆ ಮಾತಾಡಿಕೊಂಡಿದ್ದರೆ ಸಾಕೇ ಎಂದು ಸಭ್ಯರು ಕೇಳಬಹುದು. ಸಾಲದು. ಮೃದುವಾದ ಉತ್ತರ ಸಿಟ್ಟನ್ನು ಇಳಿಸುತ್ತದೆ ಎಂದ ಜ್ಞಾನೋಕ್ತಿಗಳ ಜ್ಞಾನಿಗಳೇ ಗೆಳೆಯ ಮಾಡಿದ ಗಾಯ ಹಗೆಯ ಮುತ್ತಿಗಿಂತ ಮೇಲು ಎಂದೂ ಹೇಳಿದ್ದಾರೆ. ಮೂರ್ಖನಿಗೆ ಉತ್ತರ ಕೊಡಬೇಡ ಎಂದು ಒಂದು ವಚನ, ಕೊಡು ಎಂದು ಅದರ ಬೆನ್ನಿಗೇ ಇನ್ನೊಂದು. ಎಲ್ಲಿ ಯಾವುದು ಎಂದು ನೀನೇ ತೂಗಿ ನೋಡು ಎಂದು ಬಿಟ್ಟಿದ್ದಾರೆ. ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಮಾತಾಡುವುದು ಒಬ್ಬ ತಾಯಿ; ಮಗ ಲೆಮೂವೇಲ ರಾಜ. ಕುಡಿದು ಕಾನೂನು ಮರೆಯಬೇಡ ಎಂದು ಬೈದು, ಬಾಯಿಲ್ಲದವರ ಪರವಾಗಿ ಬಾಯಿ ತೆರೆ, ದಿಕ್ಕಿಲ್ಲದವರಿಗೆ ನ್ಯಾಯ ಹೇಳು ಎನ್ನುತ್ತಾಳೆ. ರಾಜನ ನಾಲಿಗೆಗೆ ಅವಳು ಕೊಟ್ಟ ಕೆಲಸ ಅದು. ಅರಮನೆ, ಆಯುಷ್ಯ, ಐಶ್ವರ್ಯ ಘೋಷಿಸಿಕೋ ಎಂದು ಅವಳು ಕಲಿಸಲಿಲ್ಲ.

ದೊಡ್ಡಮ್ಮನ ಪರವಾಗಿ ಬಾಯಿ ತೆರೆದದ್ದು ಅವರ ಸೊಸೆ. ಊಟದ ಹೊತ್ತಿನಲ್ಲಿ, ಎಲ್ಲರೆದುರು, ಇನ್ನು ವಾಸನೆ ತಡೆಯಲಾಗದು ಎಂದು ಅಂದೇಬಿಟ್ಟಳು. ಮನೆಯಲ್ಲಿ ದೊಡ್ಡ ರಂಪ. ವಿಶ್ವಾಸವಿಲ್ಲದವಳು, ಬಾಯಿಗೆ ಹಿಡಿತವಿಲ್ಲದವಳು ಎಂದೆಲ್ಲ ಅನ್ನಿಸಿಕೊಂಡಳು. ಅಂದು ಸಂಜೆಯೇ ಆಟೋದಲ್ಲಿ ಕೂರಿಸಿಕೊಂಡು ಹೋದೆವು. ಡಾಕ್ಟರು ಬ್ಯಾಂಡೇಜ್ ಬಿಚ್ಚಿ ನೋಡಿ ಏನೂ ಬೈಯಲಿಲ್ಲ. ಎಷ್ಟು ದಿನದಿಂದ ಹೀಗಿದೆ ಅಮ್ಮ ಎಂದಷ್ಟೇ ಕೇಳಿದರು. ದೊಡ್ಡಮ್ಮ ನಮ್ಮ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಸೀರೆಯ ಅಂಚನ್ನು ಬಿಟ್ಟರು. ‘ಎಂಟು ತಿಂಗಳಾಯ್ತು ಸ್ವಾಮಿ,’ ಎಂದರು, ‘ತುಂಬಾ ನೋಯುತ್ತೆ.’